ಲ್ಯಾಪ್‌ಟಾಪಿನ ಮನೆವೈದ್ಯ

ಕಾಯನ್ನು ಒಡೆಯದೆಯೇ ಅದರ ಒಳಗನ್ನು ತಿಳಿಯುವ ವಿದ್ಯೆಯನ್ನು ನಮ್ಮ ಸೀಮೆಯವರು ಯಾವ ಶಾಲೆಯಲ್ಲಿಯೂ ಕಲಿತವರಲ್ಲ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳ ತೆಂಗಿನ ಹಳ್ಳಿಗಳಲ್ಲಿ ಅಟ್ಟವನ್ನು ಹತ್ತಿ ನೋಡಿದರೆ ತಿಂಗಳುಗಟ್ಟಲೆಯಿಂದ ಒಣಗುತ್ತಿರುವ ಕಾಯಿಯ ರಾಶಿ ಕಣ್ಣಿಗೆ ಬೀಳುತ್ತದೆ. ಮನೆಯ ಹಿರಿಯರು ಅದರಲ್ಲಿ ಒಂದನ್ನು ಕೈಗೆತ್ತಿಕೊಂಡು ಕಿವಿಯ ಬಳಿ ಹಿಡಿದು ಅಲ್ಲಾಡಿಸುತ್ತಾರೆ. ನೀರು ಕುಲುಕಿದರೆ ಇನ್ನೂ ಕಾಲವಿದೆ. ಕೊಬ್ಬರಿ ಚಿಪ್ಪಿನಿಂದ ಬಿಟ್ಟುಕೊಂಡು ಒಳಗೆ ಗಡಗಡನೆ ಉರುಳಿದರೆ ಉಂಡೆ ಸಿದ್ಧವಾಗಿದೆ ಎಂದು ಅರ್ಥ. ಮರದ ವಿಷಯದಲ್ಲಿಯೂ ಹಾಗೆಯೇ. ಗರಿ ಬಾಡಿದ ಮರದ ಕಾಂಡಕ್ಕೆ ಕಿವಿಗೊಟ್ಟು, ಕೆಂಪು ಮೂತಿ ಹುಳು ಒಳಗೆ ಕೊರೆಯುವ ಸದ್ದನ್ನು ಕೇಳಿ ರೋಗವನ್ನು ಗುರುತಿಸುವ ಅನುಭವಿಗಳು ನಮ್ಮಲ್ಲಿದ್ದಾರೆ. ಮೊದಲು ರೋಗವೇನೆಂದು ತಿಳಿ, ಆಮೇಲೆ ಕೊಡಲಿಯನ್ನು ಎತ್ತು ಎಂಬುದು ತೋಟದ ನೀತಿ.

ಈ ತೋಟದ ನೀತಿಯನ್ನು ನಮ್ಮ ಮೇಜಿನ ಮೇಲಿರುವ ಲ್ಯಾಪ್‌ಟಾಪಿಗೂ ಅನ್ವಯಿಸಬೇಕೆಂದು ಹೇಳುವುದೇ ಈ ಲೇಖನದ ಉದ್ದೇಶ. ಲ್ಯಾಪ್‌ಟಾಪಿನ ಹಾರ್ಡ್ ಡಿಸ್ಕ್ ಕೆಟ್ಟು ಹೊಸದನ್ನು ಹಾಕಿಸಿದಾಗ, ಹಳೆಯ ಡಿಸ್ಕಿನ ಒಂದು ಮೂಲೆಯಲ್ಲಿ ತಯಾರಕರು ಇಟ್ಟಿದ್ದ ರೋಗಪರೀಕ್ಷೆಯ ಭಾಗವು, ಅಂದರೆ ಡಯಾಗ್ನೋಸ್ಟಿಕ್ ಪಾರ್ಟಿಷನ್ನು, ಆ ಡಿಸ್ಕಿನೊಡನೆಯೇ ಹೊರಟುಹೋಗುತ್ತದೆ. ಅದನ್ನು ಹೊಸ ಡಿಸ್ಕಿನಲ್ಲಿ ಮತ್ತೆ ನೆಲೆಗೊಳಿಸುವ ತನಕ ರಿಪೇರಿ ಮುಗಿಯಿತೆಂದು ಭಾವಿಸಕೂಡದು ಎಂಬುದು ನನ್ನ ಅಭಿಪ್ರಾಯ. ಕಲಾ ವಿಭಾಗದಲ್ಲಿ ಇತಿಹಾಸ, ಅರ್ಥಶಾಸ್ತ್ರಗಳನ್ನು ಓದುವವನಿಗೆ ಈ ಯಂತ್ರದ ಗೊಡವೆ ಏಕೆ ಎಂದು ಸಹಪಾಠಿಗಳು ನಗಬಹುದು. ನನಗೆ ಇದು ತಿಳಿದದ್ದು ಪುಸ್ತಕದಿಂದಲ್ಲ, ಪೆಟ್ಟು ತಿಂದು. ಆದುದರಿಂದ ಮೊದಲು ಆ ಪೆಟ್ಟಿನ ಕಥೆಯನ್ನೇ ಹೇಳಿಬಿಡುತ್ತೇನೆ.

೨೦೨೩ರಲ್ಲಿ ನಾನು ಕಾಲೇಜಿಗೆ ಸೇರಿದಾಗ, ಅಕ್ಕ ತನ್ನ ಓದು ಮುಗಿಸಿ ಬಿಟ್ಟುಕೊಟ್ಟ ಲ್ಯಾಪ್‌ಟಾಪು ನನ್ನ ಪಾಲಿಗೆ ಬಂತು. ಅದು ಯಾವ ಕಂಪನಿಯದೆಂಬುದು ಇಲ್ಲಿ ಮುಖ್ಯವಲ್ಲ. ಆರು ವರ್ಷ ದುಡಿದ ಯಂತ್ರ. ಮುಚ್ಚಳದ ಒಂದು ಕೀಲು ಸಡಿಲವಾಗಿತ್ತು. ದಸರಾ ರಜೆಯ ವೇಳೆಗೆ ಅದರ ಒಳಗಿನಿಂದ ಟಕ್ ಟಕ್ ಎಂಬ ಸದ್ದು ಕೇಳತೊಡಗಿತು. ಎರಡು ದಿನ ಕಳೆಯುವುದರೊಳಗೆ ಡಿಸ್ಕ್ ಪ್ರಾಣ ಬಿಟ್ಟಿತು. ಅಂಗಡಿಯೊಂದಕ್ಕೆ ಒಯ್ದೆ. ಅವರು ಹಳೆಯ ಹಾರ್ಡ್ ಡಿಸ್ಕನ್ನು ತೆಗೆದು ಹೊಸ ಎಸ್‌ಎಸ್‌ಡಿಯನ್ನು ಕೂಡಿಸಿ, ವಿಂಡೋಸ್ ಹಾಕಿ, ಕೂಲಿಯೂ ಸೇರಿ ಎರಡು ಸಾವಿರದ ಐನೂರು ರೂಪಾಯಿ ತೆಗೆದುಕೊಂಡರು. ಯಂತ್ರ ಮೊದಲಿಗಿಂತ ಚುರುಕಾಯಿತು. ನಾನು ಸಂತೋಷದಿಂದ ಮನೆಗೆ ಬಂದೆ.

ಆ ಸಂತೋಷ ಬಹಳ ದಿನ ಉಳಿಯಲಿಲ್ಲ. ಕಾರ್ತಿಕ ಕಳೆಯುವುದರೊಳಗೆ ಲ್ಯಾಪ್‌ಟಾಪು ನಡುನಡುವೆ ಸ್ತಬ್ಧವಾಗಿ ನಿಲ್ಲತೊಡಗಿತು. ಕೆಲವು ಸಲ ನೀಲಿ ಪರದೆ ತೋರಿಸಿ ತಾನಾಗಿಯೇ ಆರಿಹೋಗುತ್ತಿತ್ತು. ಬರೆದಿಟ್ಟ ಟಿಪ್ಪಣಿಯ ಕಡತವೊಂದು ಮರುದಿನ ತೆರೆಯಲೇ ಇಲ್ಲ. ಮೊದಲಿನ ಅಂಗಡಿಯವರು ವಿಂಡೋಸನ್ನು ಎರಡನೆಯ ಸಲ ಹಾಕಿಕೊಟ್ಟರು, ರೋಗ ಹೋಗಲಿಲ್ಲ. ಇನ್ನೊಂದು ಅಂಗಡಿಯವರು ಐದು ನಿಮಿಷ ನೋಡಿ ತೀರ್ಪು ಕೊಟ್ಟರು:

“ಮದರ್‌ಬೋರ್ಡೇ ಹೋಗಿದೆ ಕಣಪ್ಪ. ಇದಕ್ಕೆ ಇನ್ನು ದುಡ್ಡು ಸುರೀಬೇಡ.”

“ಬೋರ್ಡೇ ಅಂತ ಹೆಂಗೆ ಗೊತ್ತಾಯ್ತಣ್ಣ?” ಎಂದು ಕೇಳಿದೆ.

“ನೋಡಿದ್ರೇ ಗೊತ್ತಾಗುತ್ತೆ. ಬೇಕಾದ್ರೆ ಬಿಟ್ಟು ಹೋಗು, ನಾಲ್ಕು ಸಾವಿರ ಕೊಡ್ತೀನಿ.”

ಹೊಸ ಲ್ಯಾಪ್‌ಟಾಪಿನ ಬೆಲೆ ವಿಚಾರಿಸಿದರೆ ನಲವತ್ತು ಸಾವಿರದ ಆಸುಪಾಸು. ಆ ವರ್ಷ ಕೇಂದ್ರ ಸರ್ಕಾರ ಉಂಡೆ ಕೊಬ್ಬರಿಗೆ ಕ್ವಿಂಟಾಲಿಗೆ ೧೧,೭೫೦ ರೂಪಾಯಿ ಬೆಂಬಲ ಬೆಲೆ ಎಂದು ಗೊತ್ತುಮಾಡಿದ್ದರೂ, ಮಾರುಕಟ್ಟೆಯ ಬೆಲೆ ಅದಕ್ಕಿಂತ ಬಹಳ ಕೆಳಗೆ ಇಳಿದು ನಮ್ಮ ಭಾಗದ ಬೆಳೆಗಾರರೆಲ್ಲ ಚಿಂತೆಯಲ್ಲಿ ಮುಳುಗಿದ್ದರು. ಬೆಂಬಲ ಬೆಲೆಗೇ ಮಾರಿದರೂ ನಲವತ್ತು ಸಾವಿರಕ್ಕೆ ಮೂರು ಕ್ವಿಂಟಾಲಿಗೆ ಮೀರಿದ ಕೊಬ್ಬರಿ ಬೇಕು. ಅಂದಿನ ಪೇಟೆ ಬೆಲೆಗಾದರೆ ಇನ್ನೂ ಹೆಚ್ಚು. ಬೆಲೆ ಏರುವ ತನಕ ಅಟ್ಟದ ಕಾಯಿಗೆ ಕೈಹಚ್ಚುವುದಿಲ್ಲ ಎಂದಿದ್ದ ತಂದೆಯವರು, ಮಗನ ಓದಿಗೆ ಅಡ್ಡಿಯಾಗಬಾರದೆಂದು, “ಇರೋದನ್ನ ಸುಲಿಸಿ ಹಾಕಿಬಿಡೋಣ ಬಿಡು” ಎಂದರು. ಆ ಮಾತನ್ನು ಕೇಳಿದ ರಾತ್ರಿ ನನಗೆ ನಿದ್ರೆ ಬರಲಿಲ್ಲ. ಯಂತ್ರಕ್ಕೆ ಏನಾಗಿದೆ ಎಂದು ಯಾರಿಗೂ ನಿಜವಾಗಿ ಗೊತ್ತಿಲ್ಲದೆಯೇ ಒಂದು ಮನೆಯ ವರ್ಷದ ಬೆಳೆ ನಷ್ಟಕ್ಕೆ ಮಾರಿಹೋಗುವುದರಲ್ಲಿತ್ತು.

ಮರುದಿನ ಅಕ್ಕ ಜೋಪಾನವಾಗಿ ಇಟ್ಟಿದ್ದ ಕೈಪಿಡಿಯನ್ನು ತೆರೆದು ಓದಿದೆ. ಯಂತ್ರವನ್ನು ಹೊತ್ತಿಸಿದ ಕೂಡಲೆ ಇಂತಹ ಕೀಲಿಯನ್ನು ಒತ್ತಿದರೆ ಅದು ತನ್ನನ್ನು ತಾನೇ ಪರೀಕ್ಷಿಸಿಕೊಳ್ಳುತ್ತದೆ ಎಂದು ಅದರಲ್ಲಿ ಬರೆದಿತ್ತು. ಒತ್ತಿದೆ. ಪರೀಕ್ಷೆಯ ಸಾಧನ ಸಿಕ್ಕಲಿಲ್ಲವೆಂಬ ಒಂದು ಸಾಲು ಪರದೆಯ ಮೇಲೆ ಮೂಡಿ ಮಾಯವಾಯಿತು. ಕಾಲೇಜಿನಲ್ಲಿ ಕಂಪ್ಯೂಟರಿನ ವಿಷಯ ಬಲ್ಲ ಹಿರಿಯರೊಬ್ಬರನ್ನು ಕೇಳಿದಾಗ ಅವರು ನಕ್ಕು, “ಡಿಸ್ಕ್ ಬದಲಾಯಿಸಿದಾಗ ಆ ಪಾರ್ಟಿಷನ್ನೂ ಹೋಯಿತು. ಹಳೆಯ ಮನೆ ಕೆಡವಿ ಹೊಸ ಮನೆ ಕಟ್ಟಿದವರು ಹಿತ್ತಲ ಬಾವಿಯನ್ನೂ ಮುಚ್ಚಿಬಿಟ್ಟ ಹಾಗೆ” ಎಂದರು. ಅದನ್ನು ಮತ್ತೆ ತೋಡುವ ಬಗೆಯನ್ನೂ ಹೇಳಿಕೊಟ್ಟರು.

ಮನೆಗೆ ಬಂದು, “ಅಪ್ಪ, ಪಾರ್ಟಿಷನ್ ಹೋಗಿರೋದೇ ತೊಂದ್ರೆಯಂತೆ” ಎಂದೆ. ಜಗಲಿಯ ಮೇಲೆ ಕುಳಿತಿದ್ದ ಅಜ್ಜಿಗೆ ಅದು ಅರ್ಧ ಮಾತ್ರ ಕೇಳಿಸಿತು. “ಯಾವನೋ ಅವ್ನು ಪಾರ್ಟಿಷನ್ ಕೇಳ್ದೋನು? ನಿಮ್ಮ ತಾತನ ಕಾಲದಲ್ಲೇ ಪಾಲು ಪಾರಿಕತ್ತು ಎಲ್ಲಾ ಆಗೋಯ್ತಲ್ಲ!” ಎಂದು ಆಕೆ ಎದ್ದೇ ನಿಂತಳು. ಆ ದಿನ ಮನೆಯವರೆಲ್ಲರೂ ನಕ್ಕೆವು. ಆದರೆ ಅಜ್ಜಿಯ ತಪ್ಪು ತಿಳಿವಳಿಕೆಯಲ್ಲಿಯೂ ಒಂದು ಅರ್ಥವಿತ್ತು. ಈ ಪಾರ್ಟಿಷನ್ನು ನಿಜವಾಗಿಯೂ ಪಾಲು ಹಂಚಿಕೆಯ ಸಂಗತಿಯೇ. ಅದನ್ನು ಸ್ವಲ್ಪ ವಿವರಿಸುತ್ತೇನೆ.

ಒಂದು ಡಿಸ್ಕೆಂದರೆ ಒಂದು ಹೊಲವಿದ್ದಂತೆ. ಅದನ್ನು ಬದು ಹಾಕಿ ಭಾಗ ಮಾಡಬಹುದು. ಯಾವ ಭಾಗ ಎಲ್ಲಿ ಆರಂಭವಾಗಿ ಎಲ್ಲಿ ಮುಗಿಯುತ್ತದೆ ಎಂಬುದನ್ನು ಹೊಲದ ತಲೆಭಾಗದಲ್ಲಿ ಒಂದು ಪಟ್ಟಿಯಾಗಿ ಬರೆದಿಡುತ್ತಾರೆ. ನಮ್ಮ ಪಹಣಿ ಇದ್ದಂತೆ. ೧೯೮೩ರಲ್ಲಿ ಐಬಿಎಂ ಕಂಪನಿಯ ಪಿಸಿಗಳಿಗಾಗಿ ಬಂದ ಡಾಸ್ ಎರಡನೆಯ ಆವೃತ್ತಿಯಲ್ಲಿ ಇಂತಹ ಪಟ್ಟಿಯನ್ನು ಗೊತ್ತುಮಾಡಿದಾಗ ಅದರಲ್ಲಿ ನಾಲ್ಕು ಭಾಗಗಳಿಗೆ ಮಾತ್ರ ಸ್ಥಳವಿತ್ತು. ಆ ನಾಲ್ಕರ ಕಟ್ಟಳೆ ಎಷ್ಟೋ ವರ್ಷ ನಡೆದುಬಂತು. ಈಗಿನ ಹೊಸ ಪದ್ಧತಿಯಾದ ಜಿಪಿಟಿಯಲ್ಲಿ ವಿಂಡೋಸಿನವರು ೧೨೮ ಭಾಗಗಳವರೆಗೆ ಅವಕಾಶ ಕೊಟ್ಟಿದ್ದಾರೆ. ನಮ್ಮ ಪಾಠ, ಪಟ, ಹಾಡುಗಳೆಲ್ಲ ಇರುವುದು ದೊಡ್ಡ ಭಾಗದಲ್ಲಿ. ಅದರ ಪಕ್ಕದಲ್ಲಿ, ನಮ್ಮ ಕಣ್ಣಿಗೆ ಬೀಳದಂತೆ, ತಯಾರಕರು ಒಂದೆರಡು ಚಿಕ್ಕ ಭಾಗಗಳನ್ನು ಕಾದಿರಿಸುವುದುಂಟು. ವಿಂಡೋಸನ್ನು ಕಾರ್ಖಾನೆಯಿಂದ ಬಂದ ಸ್ಥಿತಿಗೆ ತರಲು ಬೇಕಾದ ರಿಕವರಿ ಭಾಗ ಒಂದು. ಇದು ಹಲವು ಗಿಗಾಬೈಟುಗಳಷ್ಟು ದೊಡ್ಡದು. ಯಂತ್ರದ ಅಂಗಾಂಗಗಳನ್ನು ಪರೀಕ್ಷಿಸುವ ಡಯಾಗ್ನೋಸ್ಟಿಕ್ ಭಾಗ ಇನ್ನೊಂದು. ಇದು ಬಹಳ ಚಿಕ್ಕದು. ಈ ಎರಡನ್ನೂ ಒಂದೇ ಎಂದು ತಿಳಿಯುವವರು ಅನೇಕರಿದ್ದಾರೆ. ಮೊದಲನೆಯದು ಬಿದ್ದ ಮನೆಯನ್ನು ಮತ್ತೆ ಕಟ್ಟಿಕೊಡುವ ಗಾರೆಯವನು, ಎರಡನೆಯದು ಮನೆವೈದ್ಯ.

ಈ ಮನೆವೈದ್ಯನ ವಿಶೇಷವೆಂದರೆ ಅವನು ವಿಂಡೋಸಿನ ಹಂಗಿನಲ್ಲಿಲ್ಲ. ವಿಂಡೋಸ್ ಏಳುವುದಕ್ಕೆ ಮೊದಲೇ ಅವನು ಎದ್ದು ರ‍್ಯಾಮ್, ಡಿಸ್ಕ್, ಬ್ಯಾಟರಿ, ಪರದೆ, ಕೀಲಿಮಣೆಗಳನ್ನು ಒಂದೊಂದಾಗಿ ಮುಟ್ಟಿ ನೋಡುತ್ತಾನೆ. ಆದುದರಿಂದ ದೋಷ ತಂತ್ರಾಂಶದಲ್ಲಿದೆಯೋ ಯಂತ್ರಾಂಶದಲ್ಲಿದೆಯೋ ಎಂಬುದನ್ನು ಅವನು ಬೇರ್ಪಡಿಸಿ ಹೇಳಬಲ್ಲ. ದೋಷ ಕಂಡರೆ ಸುಮ್ಮನೆ ‘ಕೆಟ್ಟಿದೆ’ ಎನ್ನದೆ ಒಂದು ಸಂಕೇತ ಸಂಖ್ಯೆಯನ್ನೂ ಕೊಡುತ್ತಾನೆ. ಡೆಲ್ ಯಂತ್ರಗಳಲ್ಲಿ ೨೦೦೦-೦೧೪೨ ಎಂದು ಬಂದರೆ ಡಿಸ್ಕಿನ ಸ್ವಪರೀಕ್ಷೆ ವಿಫಲವಾಗಿದೆ ಎಂದರ್ಥ. ತಿಪಟೂರಿನಲ್ಲಿ ಕಂಡರೂ ಬೆಂಗಳೂರಿನಲ್ಲಿ ಕಂಡರೂ ಆ ಸಂಖ್ಯೆಯ ಅರ್ಥ ಒಂದೇ. ‘ನೋಡಿದರೇ ಗೊತ್ತಾಗುತ್ತದೆ’ ಎಂಬ ಮಾತಿಗೂ ಇದಕ್ಕೂ ಇರುವ ಅಂತರವನ್ನು ವಾಚಕರೇ ಊಹಿಸಿಕೊಳ್ಳಬಹುದು.

ಈ ವೈದ್ಯನಿಗೆ ವಸತಿ ಕೊಡುವ ರೀತಿ ಕಂಪನಿಯಿಂದ ಕಂಪನಿಗೆ ಬೇರೆ. ಹಳೆಯ ಡೆಲ್ ಯಂತ್ರಗಳಲ್ಲಿ ಡಿಸ್ಕಿನ ಮೇಲೆ ಕೆಲವು ಹತ್ತು ಮೆಗಾಬೈಟುಗಳ ಒಂದು ಗುಪ್ತ ಭಾಗವಿರುತ್ತಿತ್ತು; ಆಮೇಲಿನ ಯಂತ್ರಗಳಲ್ಲಿ ಅದನ್ನು ಬೋರ್ಡಿನ ಮೇಲಿನ ಚಿಪ್ಪಿಗೇ ಸೇರಿಸಿದರು. ಹಾಗಾಗಿ ಅಲ್ಲಿ ಡಿಸ್ಕ್ ಬದಲಾದರೂ ಎಫ್-೧೨ ಒತ್ತಿದರೆ ಪರೀಕ್ಷೆ ಸಿಕ್ಕುತ್ತದೆ. ವಿಂಡೋಸ್ ೭ರ ಕಾಲದ ಎಚ್‌ಪಿ ಲ್ಯಾಪ್‌ಟಾಪುಗಳಲ್ಲಿ ‘ಎಚ್‌ಪಿ ಟೂಲ್ಸ್’ ಎಂಬ ಹೆಸರಿನ ಚಿಕ್ಕ ಭಾಗವೊಂದಿತ್ತು. ಸಿಸ್ಟಂ, ಸಿ, ರಿಕವರಿ, ಟೂಲ್ಸ್ ಎಂದು ನಾಲ್ಕು ಭಾಗಗಳನ್ನೂ ಕಂಪನಿಯೇ ತುಂಬಿರುತ್ತಿದ್ದುದರಿಂದ, ಡಿ ಡ್ರೈವ್ ಬೇಕೆಂದು ಹಟ ಹಿಡಿದವರು ಮೊದಲು ಅಳಿಸುತ್ತಿದ್ದುದು ಈ ಬಡಪಾಯಿ ಟೂಲ್ಸನ್ನೇ! ಈಚಿನ ಎಚ್‌ಪಿ ಯಂತ್ರಗಳು ಇದೇ ಸಾಧನವನ್ನು ಬೂಟ್ ಆಗಲು ಬೇಕಾದ ಇಎಫ್‌ಐ ಭಾಗದೊಳಗೆ ಇಡುತ್ತವೆ; ಅಲ್ಲಿ ಇಲ್ಲದಿದ್ದರೆ ಪೆನ್ ಡ್ರೈವಿನಿಂದಲೂ ನಡೆಸಬಹುದು. ಹೊಸ ಡಿಸ್ಕಿಗೆ ಬರಿಯ ವಿಂಡೋಸ್ ಹಾಕಿದರೆ ಈ ಇಎಫ್‌ಐ ಭಾಗ ಹುಟ್ಟುತ್ತದೆ, ಆದರೆ ಈ ಸಾಧನವಿಲ್ಲದೆ ಹುಟ್ಟುತ್ತದೆ. ಮನೆಯಿದೆ, ವೈದ್ಯನಿಲ್ಲ. ವಿಂಡೋಸಿನ ಬದಲು ಲಿನಕ್ಸ್ ಹಾಕುವವರು ‘ಡಿಸ್ಕನ್ನು ಪೂರ್ತಿ ಅಳಿಸು’ ಎಂಬ ಆಯ್ಕೆಯನ್ನು ಯೋಚಿಸದೆ ಒತ್ತಿದರೂ ಇದೇ ಗತಿ.

ಹಾಗಾದರೆ ಅವನನ್ನು ಮರಳಿ ಕರೆತರುವ ಬಗೆ ಯಾವುದು? ಹಳೆಯ ಡಿಸ್ಕ್ ಇನ್ನೂ ಉಸಿರಾಡುತ್ತಿದ್ದರೆ ದಾರಿ ಸುಲಭ. ಮೊದಲು ನಮ್ಮ ಸ್ವಂತ ಕಡತಗಳನ್ನು ಬೇರೆ ಕಡೆಗೆ ತೆಗೆದಿಟ್ಟು, ಆಮೇಲೆ ಕ್ಲೋನ್‌ಜಿಲ್ಲದಂತಹ ಉಚಿತ ಸಾಧನದಿಂದ ಇಡೀ ಡಿಸ್ಕನ್ನು ಎಲ್ಲ ಭಾಗಗಳ ಸಹಿತ ಹೊಸದಕ್ಕೆ ಪ್ರತಿ ಮಾಡಿಕೊಳ್ಳಬಹುದು. ಆದುದರಿಂದ ಡಿಸ್ಕ್ ಟಕ್ ಟಕ್ ಎನ್ನತೊಡಗಿದ ದಿನವೇ ಎಚ್ಚೆತ್ತುಕೊಳ್ಳಬೇಕು. ನನ್ನಂತೆ ಎರಡು ದಿನ ಕಾಯಕೂಡದು. ಡಿಸ್ಕ್ ಸತ್ತೇಹೋಗಿದ್ದರೆ, ನಮ್ಮ ಯಂತ್ರದ ಮಾದರಿ ಸಂಖ್ಯೆಯನ್ನು ಕೊಟ್ಟು ಕಂಪನಿಯ ಸ್ವಂತ ತಾಣದಿಂದಲೇ ಪರೀಕ್ಷಾ ಸಾಧನವನ್ನು ಇಳಿಸಿಕೊಳ್ಳಬೇಕು. ಕಂಡಕಂಡ ಕಡೆಯಿಂದ ಇಳಿಸಿದರೆ ವೈದ್ಯನ ವೇಷದಲ್ಲಿ ಕಳ್ಳ ಮನೆಗೆ ಬಂದಾನು.

ನಾನು ಮಾಡಿದುದು ಇಷ್ಟೆ. ಸಾಧನವನ್ನು ಇಳಿಸುವಷ್ಟು ಹೊತ್ತು ನನ್ನ ಯಂತ್ರ ಎಚ್ಚರವಾಗಿ ನಿಲ್ಲುವ ಭರವಸೆಯಿರಲಿಲ್ಲವಾದ್ದರಿಂದ, ಗೆಳೆಯನ ಲ್ಯಾಪ್‌ಟಾಪಿನಲ್ಲಿ ಇಳಿಸಿ ಪೆನ್ ಡ್ರೈವಿನಲ್ಲಿ ತಂದೆ. ಮೊದಲು ಕಡತಗಳನ್ನೆಲ್ಲ ಬೇರೆಡೆಗೆ ಪ್ರತಿ ಮಾಡಿದೆ. ಬದು ಸರಿಸುವಾಗ ಬೆಳೆ ತುಳಿದುಹೋಗುವ ಭಯ ಇದ್ದೇ ಇರುತ್ತದೆ. ಡಿಸ್ಕಿಗೆ ಬಿಟ್‌ಲಾಕರ್ ಬೀಗ ಹಾಕಿರುವವರು ಅದರ ರಿಕವರಿ ಕೀಲಿಯನ್ನು ಬರೆದಿಟ್ಟುಕೊಳ್ಳುವ ಮೊದಲು ಈ ಕೆಲಸಕ್ಕೆ ಕೈಹಾಕಬಾರದು. ಬಳಿಕ ವಿಂಡೋಸಿನ ಡಿಸ್ಕ್ ಮ್ಯಾನೇಜ್‌ಮೆಂಟಿನಲ್ಲಿ ಸಿ ಭಾಗವನ್ನು ಎರಡು ಗಿಗಾಬೈಟಿನಷ್ಟು ಕುಗ್ಗಿಸಿ, ದೊರೆತ ಜಾಗದಲ್ಲಿ ಹೊಸ ಭಾಗವೊಂದನ್ನು ಮಾಡಿ, ಫ್ಯಾಟ್-೩೨ ಎಂದು ಫಾರ್ಮ್ಯಾಟ್ ಮಾಡಿದೆ. ಈ ಫ್ಯಾಟ್-೩೨ ಮುಖ್ಯ. ಏಕೆಂದರೆ ವಿಂಡೋಸ್ ಏಳುವ ಮೊದಲು ಎಚ್ಚರವಿರುವುದು ಯುಇಎಫ್‌ಐ ಎಂಬ ಮೂಲ ತಂತ್ರಾಂಶ ಮಾತ್ರ. ಅದಕ್ಕೆ ಫ್ಯಾಟ್ ಲಿಪಿಯನ್ನು ಓದಲು ಬರುತ್ತದೆ, ವಿಂಡೋಸಿನ ಎನ್‌ಟಿಎಫ್‌ಎಸ್ ಲಿಪಿಯನ್ನು ಓದಲು ಬರುತ್ತದೆಂಬ ಭರವಸೆಯಿಲ್ಲ. ಕೆಲವು ಕಂಪನಿಗಳ ಸಾಧನ ಆ ಭಾಗಕ್ಕೆ ಗೊತ್ತಾದ ಹೆಸರೇ ಇರಬೇಕೆಂದು ಬಯಸುತ್ತದೆ. ಒಂದಕ್ಷರ ತಪ್ಪಿದರೂ ಗುರುತಿಸುವುದಿಲ್ಲ. ಕಡೆಯದಾಗಿ ಸಾಧನವನ್ನು ಆ ಭಾಗಕ್ಕೆ ಸ್ಥಾಪಿಸಿ, ಯಂತ್ರವನ್ನು ಆರಿಸಿ ಹೊತ್ತಿಸಿ, ಕೈಪಿಡಿ ಹೇಳಿದ ಕೀಲಿಯನ್ನು ಒತ್ತಿದೆ. ಈ ಸಲ ಪರೀಕ್ಷೆಯ ಪಟ್ಟಿ ಪರದೆಯ ಮೇಲೆ ಬಂದು ನಿಂತಿತು. ಒಂದು ಗಂಟೆಯ ಕೆಲಸ. ಅದರಲ್ಲಿ ಅರ್ಧ ಗಂಟೆ ನನ್ನ ಹೆದರಿಕೆಗೇ ಹೋಗಿತ್ತು.

ಶೀಘ್ರ ಪರೀಕ್ಷೆಯಲ್ಲಿ ನನ್ನ ಯಂತ್ರ ಎಲ್ಲ ವಿಷಯಗಳಲ್ಲಿಯೂ ತೇರ್ಗಡೆಯಾಯಿತು. ಪರೀಕ್ಷೆಯ ಹಿಂದಿನ ರಾತ್ರಿ ಮಾತ್ರ ಓದುವ ನಮ್ಮಂತಹವರು ಕಿರುಪರೀಕ್ಷೆಯಲ್ಲಿ ತೇರ್ಗಡೆಯಾಗುವುದಿಲ್ಲವೆ, ಹಾಗೆ. ದೀರ್ಘ ಪರೀಕ್ಷೆಗೆ ಹಚ್ಚಿ ಮಲಗಿದೆ. ಬೆಳಗ್ಗೆ ಎದ್ದು ನೋಡಿದರೆ ಡಿಸ್ಕ್ ತೇರ್ಗಡೆ, ಬೋರ್ಡಿನ ಪರೀಕ್ಷೆಗಳೂ ತೇರ್ಗಡೆ, ರ‍್ಯಾಮ್ ಮಾತ್ರ ಅನುತ್ತೀರ್ಣ. ಎರಡು ರ‍್ಯಾಮ್ ಪಟ್ಟಿಗಳನ್ನೂ ತೆಗೆದು ಒಂದೊಂದನ್ನೇ ಕೂಡಿಸಿ ಮತ್ತೆ ಪರೀಕ್ಷಿಸಿದಾಗ ಕೆಟ್ಟದ್ದು ಯಾವುದೆಂದು ತಿಳಿಯಿತು. ಅದೇ ಅಳತೆಯ ಬೇರೊಂದನ್ನು ಸಾವಿರದ ಇನ್ನೂರು ರೂಪಾಯಿಗೆ ತಂದು ಹಾಕಿದೆ. ಇಂದು ಈ ಲೇಖನವನ್ನು ಬರೆಯುತ್ತಿರುವುದು ಅದೇ ಲ್ಯಾಪ್‌ಟಾಪಿನಲ್ಲಿ. ತಂದೆಯವರು ಆ ವರ್ಷ ಅಟ್ಟದ ಕಾಯಿಯನ್ನು ನನಗಾಗಿ ಇಳಿಸಬೇಕಾಗಲಿಲ್ಲ.

ಇಲ್ಲಿ ಕೆಲವರು ಆಕ್ಷೇಪಣೆ ಎತ್ತಬಹುದು. ಮೊದಲನೆಯದು: ಪೆನ್ ಡ್ರೈವಿನಿಂದಲೇ ಪರೀಕ್ಷೆ ನಡೆಸಬಹುದಾದರೆ ಡಿಸ್ಕಿನಲ್ಲಿ ಅದಕ್ಕೊಂದು ಭಾಗವೇಕೆ? ಮೆಮ್‌ಟೆಸ್ಟ್-೮೬ ಪ್ಲಸ್‌ನಂತಹ ಉಚಿತ ಸಾಧನವೂ ರ‍್ಯಾಮಿನ ದೋಷವನ್ನು ಹಿಡಿಯುತ್ತಿತ್ತಲ್ಲವೆ? ನಿಜ, ಹಿಡಿಯುತ್ತಿತ್ತು, ಅದನ್ನು ಅಲ್ಲಗಳೆಯುವ ಹಟ ನನಗಿಲ್ಲ. ಆದರೆ ಪೆನ್ ಡ್ರೈವ್ ಮಾಡುವುದಕ್ಕೆ ಕೆಲಸ ಮಾಡುವ ಇನ್ನೊಂದು ಕಂಪ್ಯೂಟರ್ ಬೇಕು. ಊರಿಗೆ ಒಂದೇ ಬಸ್ಸು ಬರುವ ಹಳ್ಳಿಯಲ್ಲಿ, ಮನೆಯಲ್ಲಿರುವ ಒಂದೇ ಕಂಪ್ಯೂಟರ್ ಕೆಟ್ಟು ಕುಳಿತಾಗ, ನಾಳೆ ಪರೀಕ್ಷಾ ಅರ್ಜಿಯನ್ನು ತುಂಬುವ ಕಡೆಯ ದಿನವಾಗಿದ್ದಾಗ, ಆ ಇನ್ನೊಂದನ್ನು ಎಲ್ಲಿಂದ ತರುವುದು? ಜ್ವರ ಬಂದ ಮೇಲೆ ಪೇಟೆಗೆ ಹೋಗಿ ವೈದ್ಯನನ್ನು ಹುಡುಕುವುದಕ್ಕಿಂತ, ವೈದ್ಯನೇ ಮನೆಯಲ್ಲಿದ್ದರೆ ಒಳ್ಳೆಯದಲ್ಲವೆ? ಡಿಸ್ಕೇ ಸತ್ತರೆ ಅದರ ಮೇಲಿನ ವೈದ್ಯನೂ ಸಾಯುತ್ತಾನೆ ಎಂಬುದೂ ನಿಜವೇ. ಆದ್ದರಿಂದ ಪೆನ್ ಡ್ರೈವ್ ಬೇಡ ಎಂದು ನಾನು ಹೇಳುವುದಿಲ್ಲ. ಎರಡೂ ಇರಲಿ ಎನ್ನುತ್ತೇನೆ.

ಎರಡನೆಯ ಆಕ್ಷೇಪಣೆ ಅಂಗಡಿಯವರದು. ನಾಲ್ಕೈದು ನೂರು ರೂಪಾಯಿ ಕೂಲಿಗೆ ಇದನ್ನೆಲ್ಲ ಮಾಡುತ್ತ ಕುಳಿತರೆ ಹೊಟ್ಟೆ ತುಂಬುತ್ತದೆಯೆ ಎಂದು ಅವರು ಕೇಳಬಹುದು. ಇದು ನ್ಯಾಯವಾದ ಪ್ರಶ್ನೆ. ನನ್ನ ಡಿಸ್ಕನ್ನು ಬದಲಾಯಿಸಿದವರು ಮೋಸಗಾರರೆಂದು ನಾನು ಹೇಳಲಾರೆ. ಅವರು ವಿಂಡೋಸ್ ಹಾಕಿಕೊಟ್ಟರು. ಏಕೆಂದರೆ ನಾನು ಕೇಳಿದ್ದೂ ಅಷ್ಟನ್ನೇ. ಮನೆವೈದ್ಯನೊಬ್ಬನಿದ್ದನೆಂದು ನನಗೇ ಗೊತ್ತಿರಲಿಲ್ಲ. ಕೇಳುವವನಿಗೆ ಗೊತ್ತಿಲ್ಲದಿದ್ದರೆ ಕೊಡುವವನು ಏಕೆ ಕೊಟ್ಟಾನು? ಆದುದರಿಂದ ತಪ್ಪಿನಲ್ಲಿ ದೊಡ್ಡ ಪಾಲು ನಮ್ಮದೇ. ಆ ಕೆಲಸಕ್ಕೆ ಬೇರೆ ನೂರು ರೂಪಾಯಿ ಕೇಳಿದರೂ ಕೊಡಬೇಕು. ನೂರು ರೂಪಾಯಿಗೆ ಹಿಂದೆಗೆದು ನಲವತ್ತು ಸಾವಿರಕ್ಕೆ ತಲೆಯೊಡ್ಡುವುದು ಯಾವ ಅರ್ಥಶಾಸ್ತ್ರ?

ಈ ಚಿಕ್ಕ ವಿಷಯದ ಹಿಂದೆ ಒಂದು ದೊಡ್ಡ ಪ್ರಶ್ನೆಯಿದೆ. ದುಡ್ಡು ಕೊಟ್ಟು ತಂದ ಯಂತ್ರಕ್ಕೆ ಏನಾಗಿದೆ ಎಂದು ತಿಳಿಯುವ ಹಕ್ಕು ಯಾರದು? ತಯಾರಕನದೆ, ರಿಪೇರಿಯವನದೆ, ಒಡೆಯನದೆ? ಜಗತ್ತಿನಲ್ಲಿ ಈ ಚರ್ಚೆ ನಡೆದಿದೆ. ಫ್ರಾನ್ಸ್ ದೇಶದಲ್ಲಿ ೨೦೨೧ರ ಜನವರಿಯಿಂದ ಲ್ಯಾಪ್‌ಟಾಪು, ಮೊಬೈಲು ಮೊದಲಾದವನ್ನು ಮಾರುವಾಗ, ಅವು ಎಷ್ಟರಮಟ್ಟಿಗೆ ರಿಪೇರಿಗೆ ಒಗ್ಗುತ್ತವೆ ಎಂಬುದಕ್ಕೆ ಹತ್ತರಲ್ಲಿ ಇಷ್ಟು ಎಂದು ಅಂಕ ನಮೂದಿಸುವುದನ್ನು ಕಡ್ಡಾಯ ಮಾಡಿದರು. ನಮ್ಮ ದೇಶದಲ್ಲಿಯೂ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ೨೦೨೨ರ ಜುಲೈನಲ್ಲಿ ರಿಪೇರಿಯ ಹಕ್ಕನ್ನು ಕುರಿತು ಸಮಿತಿಯೊಂದನ್ನು ನೇಮಿಸಿತು; ಅದೇ ವರ್ಷದ ಡಿಸೆಂಬರ್ ೨೪ರಂದು, ರಾಷ್ಟ್ರೀಯ ಗ್ರಾಹಕ ದಿನದಂದು, ಅದಕ್ಕಾಗಿ ಒಂದು ಜಾಲತಾಣವನ್ನೂ ತೆರೆಯಿತು. ವ್ಯವಸಾಯದ ಉಪಕರಣಗಳೂ, ಮೊಬೈಲು ಮೊದಲಾದ ವಿದ್ಯುನ್ಮಾನ ಸಾಧನಗಳೂ ಅದರ ವ್ಯಾಪ್ತಿಗೆ ಸೇರಿವೆ. ಒಳ್ಳೆಯ ಆರಂಭವೇ ಸರಿ. ಆದರೆ ದೆಹಲಿಯಲ್ಲಿ ಬರೆದ ಹಕ್ಕು ಕೆ.ಬಿ. ಕ್ರಾಸಿನ ತನಕ ತಾನಾಗಿಯೇ ನಡೆದು ಬರುವುದಿಲ್ಲ. ಅದನ್ನು ಕೇಳಿ ತರುವವರು ನಾವಾಗಬೇಕು.

ಸರ್ಕಾರಿ ಕಾಲೇಜಿನವರಾದ ನಮಗೆ ಇದು ಹೆಚ್ಚಾಗಿ ಅನ್ವಯಿಸುತ್ತದೆ. ೨೦೨೦ರಲ್ಲಿ ರಾಜ್ಯ ಸರ್ಕಾರ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳ ವಿದ್ಯಾರ್ಥಿಗಳಿಗೆ ಲ್ಯಾಪ್‌ಟಾಪುಗಳನ್ನು ಹಂಚಿತು. ಅಂದಿನ ವಿದ್ಯಾರ್ಥಿಗಳು ಪದವಿ ಪಡೆದು ಹೋದರು. ಯಂತ್ರಗಳು ತಮ್ಮಂದಿರ, ತಂಗಿಯರ ಕೈ ಸೇರಿರುವುದುಂಟು. ಪ್ರವೇಶದ ಅರ್ಜಿ, ಪರೀಕ್ಷೆಯ ಅರ್ಜಿ, ವಿದ್ಯಾರ್ಥಿವೇತನ ಎಲ್ಲವೂ ಜಾಲತಾಣದ ಮೂಲಕವೇ ನಡೆಯುವ ಈ ಕಾಲದಲ್ಲಿ ಅಂತಹ ಹಳೆಯ ಯಂತ್ರವೊಂದು ಬಡ ಮನೆಯಲ್ಲಿ ಇನ್ನೂ ಮೂರು ವರ್ಷ 
ಬದುಕಿದರೆ ಅದು ಸಣ್ಣ ಸಹಾಯವಲ್ಲ. ೨೦೨೫ರ ಅಕ್ಟೋಬರ್ ೧೪ರಂದು ಮೈಕ್ರೋಸಾಫ್ಟ್ ಕಂಪನಿ ವಿಂಡೋಸ್ ೧೦ಕ್ಕೆ ಕೊಡುತ್ತಿದ್ದ ಸಾಮಾನ್ಯ ಬೆಂಬಲವನ್ನು ನಿಲ್ಲಿಸಿದ ಮೇಲೆ ಹಳೆಯ ಲ್ಯಾಪ್‌ಟಾಪುಗಳನ್ನು ಗುಜರಿಗೆ ಹಾಕುವ ಮಾತು ಹೆಚ್ಚಾಗಿದೆ. ಹಾಕುವ ಮುನ್ನ ಒಮ್ಮೆ ಪರೀಕ್ಷಿಸಿ ನೋಡುವುದು ಬೇಡವೆ? ಕಾಯಿ ಅಲ್ಲಾಡಿಸದೆ ಕೊಬ್ಬರಿ ಕೊಳೆತಿದೆ ಎಂದು ಎಸೆಯುವ ರೈತನನ್ನು ನಾನು ಕಂಡಿಲ್ಲ.

ಆದುದರಿಂದ ನನ್ನ ಸಲಹೆಗಳನ್ನು ವಿನಯಪೂರ್ವಕವಾಗಿ ಮುಂದಿಡುತ್ತೇನೆ. ಡಿಸ್ಕ್ ಬದಲಾಯಿಸಲು ಕೊಡುವಾಗ ಮೂರು ಮಾತುಗಳನ್ನು ಹೇಳಿ ಕೊಡೋಣ: ಡಯಾಗ್ನೋಸ್ಟಿಕ್ ಭಾಗವನ್ನು ಮರಳಿ ಸ್ಥಾಪಿಸಿ, ನಮ್ಮೆದುರಿಗೆ ಒಮ್ಮೆ ಪರೀಕ್ಷೆ ನಡೆಸಿ ತೋರಿಸಿ, ಹಳೆಯ ಡಿಸ್ಕನ್ನು ನಮಗೇ ಹಿಂದಿರುಗಿಸಿ. ಈ ಮೂರನೆಯದನ್ನು ಹುಡುಗಿಯರು ವಿಶೇಷವಾಗಿ ಗಮನಿಸಬೇಕು. ಕೆಟ್ಟ ಡಿಸ್ಕಿನಲ್ಲಿಯೂ ನಮ್ಮ ಭಾವಚಿತ್ರಗಳು, ಅಂಕಪಟ್ಟಿ, ಆಧಾರ್ ಪ್ರತಿಗಳು ಉಳಿದಿರುತ್ತವೆ; ಅದು ಅನ್ಯರ ಕೈಯಲ್ಲಿ ಉಳಿಯುವುದು ಒಳ್ಳೆಯದಲ್ಲ. ಇನ್ನು ನಮ್ಮ ಕಾಲೇಜಿನ ಅಧ್ಯಾಪಕವರ್ಗದವರಲ್ಲಿ ಒಂದು ಬಿನ್ನಹ. ನಮ್ಮ ಲ್ಯಾಬಿನಲ್ಲಿ, ವಿದ್ಯಾರ್ಥಿಗಳು ಹೆಚ್ಚಾಗಿ ಬಳಸುವ ಮೂರು ನಾಲ್ಕು ಕಂಪನಿಗಳ ಪರೀಕ್ಷಾ ಸಾಧನಗಳಿರುವ ಪೆನ್ ಡ್ರೈವುಗಳನ್ನು ಸಿದ್ಧಪಡಿಸಿ, ಗ್ರಂಥಾಲಯದ ಪುಸ್ತಕದಂತೆ ಎರವಲು ಕೊಡುವ ಏರ್ಪಾಡಾಗಲಿ. ಎನ್‌ಎಸ್‌ಎಸ್ ಶಿಬಿರದಲ್ಲಿ ರಸ್ತೆ ಗುಡಿಸುವುದರ ಜೊತೆಗೆ ಒಂದು ಮಧ್ಯಾಹ್ನವನ್ನು ಊರಿನ ಹಳೆಯ ಲ್ಯಾಪ್‌ಟಾಪುಗಳ ಪರೀಕ್ಷೆಗೆ ಮೀಸಲಿಡಬಹುದು. ಇದಕ್ಕೆ ಹೆಚ್ಚಿನ ಹಣ ಬೇಕಾಗಿಲ್ಲ. ಒಬ್ಬರಿಗೆ ತಿಳಿದದ್ದನ್ನು ಇನ್ನೊಬ್ಬರಿಗೆ ಹೇಳಿಕೊಡುವ ಮನಸ್ಸು ಸಾಕು.

ಮೊನ್ನೆ ಪಕ್ಕದ ಊರಿನ ಕಿರಿಯ ವಿದ್ಯಾರ್ಥಿಯೊಬ್ಬ ಲ್ಯಾಪ್‌ಟಾಪ್ ಚೀಲವನ್ನು ಹೆಗಲಿಗೆ ಹಾಕಿಕೊಂಡು ನಮ್ಮ ಮನೆಗೆ ಬಂದ. “ಅಣ್ಣ, ಬೋರ್ಡ್ ಹೋಗಿದೆ ಅಂದ್ರು” ಎಂದ. ಅಜ್ಜಿ ಜಗಲಿಯ ಮೇಲೆ ಕಾಯಿ ಆರಿಸುತ್ತ ಕುಳಿತಿದ್ದಳು. ತಲೆ ಎತ್ತದೆಯೇ, “ಅಳ್ಳಾಡ್ಸಿ ನೋಡಿದ್ರಾ?” ಎಂದು ಕೇಳಿದಳು. ಹುಡುಗನಿಗೆ ಏನೂ ಅರ್ಥವಾಗಲಿಲ್ಲ. ನಾನು ಪೆನ್ ಡ್ರೈವನ್ನು ತರಲು ಒಳಗೆ ಹೋದೆ.